ಒಂದಕ್ಕೂ ಅಪ್ಪಣೆ ಬೇಕು

ವಯಸ್ಸಾದ ಗಂಡಸಿನ ಮಾನ ಕಳೆಯೋಕೆ ಶತ್ರುಗಳೇ ಬೇಕಿಲ್ಲ, ಅವನ ಮೂತ್ರವೇ ಸಾಕು. ತೊಂಬತ್ತರ ದಶಕದಲ್ಲಿ ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ಮುಂದೆ ನಿಲ್ಲುತ್ತಿದ್ದಾಗ, ನನ್ನ ಮಾನ ದಿನಾ ಹೋಗ್ತಿತ್ತು.

ಬಿಲ್ಲೆ

ನಮ್ಮ ಸೆಕ್ಷನ್ನಿಗೆಲ್ಲ ಸೇರಿ ಒಂದೇ ಹಿತ್ತಾಳೆ ಬಿಲ್ಲೆ. ಅದನ್ನು ಸೂಪರ್‌ವೈಸರ್ ಹತ್ತಿರ ಈಸಿಕೊಂಡವನು ಮಾತ್ರ ಟಾಯ್ಲೆಟ್ಟಿಗೆ ಹೋಗಬಹುದು. ನಾನು ಮತ್ತೆ ಮತ್ತೆ ಕೇಳೋದು ನೋಡಿ, ನನ್ನ ಮಗನ ವಯಸ್ಸಿನ ಆ ಸೂಪರ್‌ವೈಸರ್‌ಗೆ ಅನುಮಾನ. "ಏನ್ರೀ, ಅಲ್ಲಿ ಬೀಡಿ ಸೇದ್ತೀರಾ?" ಅಂತ ಒಂದು ದಿನ ಹಿಂದೆಯೇ ಬಂದು ನಿಂತ. ನನಗೋ ಮೊದಲೇ ಮೂತ್ರ ಶುರುವಾಗೋಕೆ ಸತಾಯಿಸೋ ಕಾಯಿಲೆ. ಬೆನ್ನ ಹಿಂದೆ ಸೂಪರ್‌ವೈಸರ್ ನಿಂತರೆ ಒಂದು ಹನಿಯಾದರೂ ಬಂದೀತಾ?

"ನೋಡಿ, ಬರ್ಲಿಲ್ಲ! ಇನ್ನೊಂದ್ಸಲ ಸುಳ್ಳು ಹೇಳಿದ್ರೆ ಅನ್‌ಫಿಟ್ ಅಂತ ಬರೆದು ಮನೆಗೆ ಕಳಿಸ್ತೀನಿ," ಅಂದ. ಇವತ್ತಿಗೂ ನೆನೆಸಿಕೊಂಡ್ರೆ ಮೈ ಉರಿಯುತ್ತೆ. ಆ ವಯಸ್ಸಲ್ಲಿ ನನಗೆ ಇನ್ಯಾರು ಕೆಲಸ ಕೊಡ್ತಿದ್ರು? ತಲೆ ತಗ್ಗಿಸಿಕೊಂಡು ವಾಪಸ್ ಬಂದು ಮೆಷಿನ್ ಆನ್ ಮಾಡಿದೆ. ಆಗ ಬಂತು!

ಬೇವು

ದಾಸರಹಳ್ಳಿಯ ನಮ್ಮ ವಠಾರದಲ್ಲಿ ಎಲ್ಲರೂ ಡಾಕ್ಟರೇ. ಪದೇಪದೇ ಒಂದಕ್ಕೆ ಹೋಗ್ತಾರೆ ಅಂದ್ರೆ ಶುಗರ್ರೇ ಅಂತ ತೀರ್ಮಾನವಾಯ್ತು. ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ ಅಂದ್ರೂ ನನ್ನ ಹೆಂಡತಿ ಕೇಳಲಿಲ್ಲ. ಬೆಳಿಗ್ಗೆ ಹಾಗಲಕಾಯಿ ರಸ, ಸಂಜೆ ಮೆಂತ್ಯದ ನೀರು. ಅಷ್ಟೆಲ್ಲ ಕುಡಿದ ಮೇಲೆ ಇನ್ನೂ ಜಾಸ್ತಿ ಓಡಾಟ. ಯುಗಾದಿ ಬಂತು. ಮನೆಮಂದಿಗೆಲ್ಲ ಬೇವು-ಬೆಲ್ಲ ಕೊಟ್ಟಳು, ನನಗೆ ಬರೀ ಬೇವು.

ದೇವರ ಕಣ್ಣು

ಕೊನೆಗೆ ದೊಡ್ಡ ಡಾಕ್ಟರೊಬ್ಬರು ಬಿಡಿಸಿ ಹೇಳಿದರು. ಮೂತ್ರಚೀಲದ ಬಾಯಿಯ ಹತ್ತಿರ ಪ್ರಾಸ್ಟೇಟ್ ಅಂತ ಗ್ರಂಥಿ ಇರುತ್ತಂತೆ. ಗಂಡಸಿಗೆ ವಯಸ್ಸಾದ ಹಾಗೆ ಅದು ದಪ್ಪಗಾಗಿ ಮೂತ್ರದ ನಾಳವನ್ನೇ ಅಮುಕುತ್ತಂತೆ. ಚೀಲ ಪೂರ್ತಿ ಖಾಲಿಯಾಗಲ್ಲ, ಅದಕ್ಕೇ ಮತ್ತೆ ಮತ್ತೆ ಅವಸರ. "ತಡ್ಕೋಬೇಡಿ. ಬಂದ ತಕ್ಷಣ ಹೋಗಿ," ಅಂದರು.

ಹೊರಗೆ ಕಾಯುತ್ತಿದ್ದ ಹೆಂಡತಿಗೆ ಇದನ್ನೆಲ್ಲ ಹೇಳಿದೆ. "ಅಂದ್ರೆ ಗಂಡಸರಿಗೂ ವಯಸ್ಸಾದ್ಮೇಲೆ ಅಲ್ಲಿ ತೊಂದ್ರೆ ಬರುತ್ತಾ?" ಅಂದಳು.

"ಬರುತ್ತಂತೆ ಕಣೇ."

"ಸದ್ಯ, ದೇವರಿಗೆ ಕಣ್ಣಿದೆ," ಅಂದಳು.

ಚಪ್ಪಾಳೆ

ಡಾಕ್ಟರ ಮಾತು ಕಾರ್ಖಾನೆಯಲ್ಲಿ ನಡೀಬೇಕಲ್ಲ. ಕೆಲಸ ಹೋಗೋ ಭಯಕ್ಕೆ ತಡೆದುಕೊಂಡೆ, ತಡೆದುಕೊಂಡೆ, ಒಂದು ದಿನ ಮೂತ್ರ ಪೂರ್ತಿ ಕಟ್ಟಿಬಿಡ್ತು. ಕಿಬ್ಬೊಟ್ಟೆ ಕಲ್ಲಾಗಿ ಒದ್ದಾಡುತ್ತಾ ಆಸ್ಪತ್ರೆ ಸೇರಿದೆ. ಅಲ್ಲಿ ರಬ್ಬರ್ ಕೊಳವೆ ಹಾಕಿ, ಅದರ ತುದಿಯ ಚೀಲವನ್ನು ಕಾಲಿಗೆ ಕಟ್ಟಿ, "ಆಪರೇಷನ್ ಆಗೋವರೆಗೂ ಹೀಗೇ ಇರಿ," ಅಂದರು. ಮೂತ್ರ ತಾನಾಗೇ ಚೀಲಕ್ಕೆ ಇಳೀತಿರುತ್ತೆ. ರಜೆ ಮುಗಿದಿತ್ತು. ದೊಗಲೆ ಪ್ಯಾಂಟ್ ಹಾಕಿಕೊಂಡು, ಚೀಲದ ವಿಷಯ ಯಾರಿಗೂ ಹೇಳದೆ ಕೆಲಸಕ್ಕೆ ಹೋದೆ.

ಮಧ್ಯಾಹ್ನ ಸೂಪರ್‌ವೈಸರ್ ಮೆಷಿನ್‌ಗಳನ್ನೆಲ್ಲ ನಿಲ್ಲಿಸಿ ಸೆಕ್ಷನ್ನಿನವರನ್ನು ನನ್ನ ಸುತ್ತ ಕರೆದ. ಗೊತ್ತಾಗಿಹೋಯ್ತು, ಇವತ್ತೇ ನನ್ನ ಕೊನೇ ದಿನ ಅಂದುಕೊಂಡೆ. ಅವನು ನನ್ನ ಹೆಗಲ ಮೇಲೆ ಕೈ ಹಾಕಿ, "ನೋಡಿ ಕಲೀರ್ರಯ್ಯಾ! ಬೆಳಿಗ್ಗೆಯಿಂದ ಮೆಷಿನ್ ಬಿಟ್ಟು ಅಲ್ಲಾಡಿಲ್ಲ. ನಾನು ಒಂದು ಮಾತು ಬೈದಿದ್ದಕ್ಕೆ ಎಷ್ಟು ಸುಧಾರಿಸಿದ್ದಾರೆ!" ಅಂದ.

ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಕೈ ಮುಗಿದು ನಿಂತುಕೊಂಡು, ಅವನ ಎದುರಿಗೇ ಒಂದಕ್ಕೆ ಹೋಗ್ತಾ ಇದ್ದೆ.