ಚಿಕ್ಕಮ್ಮನ ಕೇಬಲ್ ಬಳಗ

ನಮ್ಮ ಚಿಕ್ಕಮ್ಮ ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನ ಬೆಂಚುಗಳ ಕೆಳಗೆ ನಮ್ಮ ನೆಂಟರಲ್ಲಿ ನಲವತ್ತೊಂದು ಜನರನ್ನು ಕಟ್ಟಿಹಾಕಿದ್ದಾಳೆ ಎಂದರೆ ದಯವಿಟ್ಟು ಪೊಲೀಸರಿಗೆ ಫೋನ್ ಮಾಡಬೇಡಿ. ಅವರಲ್ಲಿ ಅರ್ಧ ಜನ ಈ ಲೋಕದಲ್ಲೇ ಇಲ್ಲ. ಉಳಿದರ್ಧಕ್ಕೆ ಸುದ್ದಿಯೇ ಗೊತ್ತಿಲ್ಲ!

ಚಿಕ್ಕಮ್ಮ ನನಗಿಂತ ನಾಲ್ಕೇ ವರ್ಷ ದೊಡ್ಡವಳು. ಟೆಲಿಫೋನ್ ಕಚೇರಿಯಲ್ಲಿ ತಂತಿ ಜೋಡಿಸಿ ಜೋಡಿಸಿ ಸ್ವಯಂನಿವೃತ್ತಿ ತೆಗೆದುಕೊಂಡು, ಈಗ ಮೂರು ತಿಂಗಳು ಅಲ್ಲಿ, ಎರಡು ತಿಂಗಳು ಇಲ್ಲಿ ಅಂತ ಕಾಂಟ್ರಾಕ್ಟ್ ಮೇಲೆ ಕಂಪ್ಯೂಟರುಗಳಿಗೆ ನೆಟ್‌ವರ್ಕ್ ಹಾಕಿಕೊಡುತ್ತಾಳೆ. ಹೆಬ್ಬಾಳದಲ್ಲಿ ನಾನಿದ್ದ ಕಾರ್ಖಾನೆ ಬಾಗಿಲು ಹಾಕಿ, ನಾನು ಏಳು ತಿಂಗಳು ಮನೆಯಲ್ಲಿ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದಾಗ (ಮೂರೇ ಇವೆ, ಆದರೂ ದಿನಾ ಎಣಿಸುತ್ತಿದ್ದೆ) ನನ್ನನ್ನೂ ಈ ಟ್ಯುಟೋರಿಯಲ್‌ಗೆ ಎಳೆದುಕೊಂಡು ಹೋದಳು. ಮೂರು ತಿಂಗಳ ಕೆಲಸ. ಕೊನೆಯ ದಿನ ನಲವತ್ತು ಕಂಪ್ಯೂಟರುಗಳಲ್ಲಿ ಆನ್‌ಲೈನ್ ಪರೀಕ್ಷೆ ಸುಸೂತ್ರವಾಗಿ ನಡೆದರೆ ಇನ್ನೊಂದು ವರ್ಷ. ಇಲ್ಲದಿದ್ದರೆ ಮತ್ತೆ ಫ್ಯಾನು.

ಎಲ್ಲರೂ ಕೇಬಲಿನ ಎರಡೂ ತುದಿಗೆ ನಂಬರ್ ಅಂಟಿಸುತ್ತಾರೆ. ಚಿಕ್ಕಮ್ಮ ನೆಂಟರ ಹೆಸರು ಅಂಟಿಸಿದಳು!

"ಇದೇನ್ ಚಿಕ್ಕಮ್ಮ, ನೋಡಿದೋರು ನಗ್ತಾರೆ!"

"ನಗ್ಲಿ ಬುಡು. ಇಪ್ಪತ್ಮೂರನೇ ನಂಬರ್ ಎಲ್ಲಿ ಅಂದ್ರೆ ತಡಕಾಡ್ತೀಯ. ನಂಜನಗೂಡು ಅತ್ತೆ ಎಲ್ಲಿ ಕೂತವ್ಳೆ ಅಂದ್ರೆ ಮರೀತೀಯೇನೋ?"

ತವರಿನವರಿಗೆ ಮುಂದಿನ ಸಾಲುಗಳು, ಗಂಡನ ಕಡೆಯವರಿಗೆ ಗಾಳಿಯಾಡದ ಹಿಂದಿನ ಸಾಲುಗಳು. ಮಾತು ಬಿಟ್ಟವರ ನಡುವೆ ಎರಡು ಕಂಪ್ಯೂಟರಿನ ಅಂತರ! ಮ್ಯಾನೇಜರ್ ಒಮ್ಮೆ ಬಂದು, "ಹನ್ನೆರಡನೇದು ನಿಧಾನ ಅಲ್ವೇನಮ್ಮ?" ಎಂದರು.

"ಕೊಳ್ಳೇಗಾಲದ ದೊಡ್ಡಪ್ಪ ಸಾರ್ ಅದು. ಬದುಕಿದ್ದಾಗ್ಲೂ ಅಂಗೇ!"

ಕೊನೆಯ ದಿನ ಬಂತು. ಹತ್ತಕ್ಕೆ ಪರೀಕ್ಷೆ. ಒಂಬತ್ತೂಮುಕ್ಕಾಲಿಗೆ ನಾನು, ಇದೇ ಕೊನೇ ಸಲ ಅಂತ ಏಳನೇ ಸಲ ಬೆಂಚಿನಡಿ ಬಗ್ಗಿ ನೋಡಿದರೆ, ಕೇಬಲೊಂದರ ತುದಿ ಅನಾಥವಾಗಿ ನೇತಾಡುತ್ತಿದೆ! ಪಕ್ಕದಲ್ಲೇ ಕೇಬಲುಗಳೆಲ್ಲ ಬಂದು ಸೇರುವ ಸ್ವಿಚ್ ಡಬ್ಬಿ. ಅದರಲ್ಲೊಂದು ಖಾಲಿ ತೂತು. ಚುಚ್ಚಿದೆ. ಜೀವಮಾನದಲ್ಲಿ ನಾನು ಚಿಂತೆ ಮಾಡದೆ ಮಾಡಿದ ಒಂದೇ ಕೆಲಸ ಅದು. ನಲವತ್ತೂ ಕಂಪ್ಯೂಟರುಗಳು ಒಟ್ಟಿಗೇ ಕೈಕೊಟ್ಟವು.

ಮ್ಯಾನೇಜರ್ ಬಾಗಿಲಲ್ಲಿ ನಿಂತು ಗಡಿಯಾರ ನೋಡಿದರು. ನಾನು ಮನಸ್ಸಿನಲ್ಲೇ ಫ್ಯಾನ್ ಹಾಕಿಕೊಂಡೆ. ಚಿಕ್ಕಮ್ಮ ಸೆರಗು ಸಿಕ್ಕಿಸಿ ಬೆಂಚಿನಡಿ ನುಗ್ಗಿದಳು. ಹಾಜರಿ ಕೂಗುವವಳಂತೆ ಒಬ್ಬೊಬ್ಬರನ್ನೇ ಮುಟ್ಟಿ ಓದುತ್ತ ಹೋದವಳು ತಟ್ಟನೆ ನಿಂತಳು.

"ಲೋ, ಹುಣಸೂರಿನ ಸೋದರತ್ತೆ ಕಣೋ! ಹೊಸ ಕಂಪ್ಯೂಟರ್ ಬಂದ್ರೆ ಇರ್ಲಿ ಅಂತ ಈವಮ್ಮನ್ನ ಸುಮ್ನೆ ಬಿಟ್ಟಿದ್ದೆ. ಎರಡು ತುದೀನೂ ಒಂದೇ ಡಬ್ಬೀಲವೆ! ತಾನಾಡಿದ್ದು ತನ್ ಕಿವಿಗೇ ಬಿದ್ದು, ಅದಕ್ಕೂ ತಾನೇ ಉತ್ತರ ಕೊಟ್ಕೊಂಡು ಕೂತವ್ಳೆ. ಮಿಕ್ಕೋರು ಎಂಗೆ ಬಾಯ್ ಬಿಡ್ತಾರೆ?"

ಎಳೆದಳು. ಪರದೆಗಳು ಒಂದೊಂದಾಗಿ ಕಣ್ಣು ಬಿಟ್ಟವು. ಹತ್ತಕ್ಕೆ ಇನ್ನೂ ಎರಡು ನಿಮಿಷ ಇತ್ತು! ಮಕ್ಕಳು ಬಂದರು, ಬರೆದರು, ಹೋದರು. ಒಬ್ಬ ನೆಂಟನೂ ಮುನಿಸಿಕೊಳ್ಳಲಿಲ್ಲ.

"ಆ ಕೇಬಲ್ ಚುಚ್ಚಿದ್ದು ಯಾರು?" ಮ್ಯಾನೇಜರ್ ಕೇಳಿದರು.

"ನಾನೇ ಸಾರ್," ಎಂದೆ.

ಚಿಕ್ಕಮ್ಮ ನಡುವೆ ಬಂದಳು. "ತಪ್ಪೂ ಆಯ್ತು, ಹದಿಮೂರು ನಿಮಿಷಕ್ಕೆ ಸರೀನೂ ಆಯ್ತು. ನಮ್ಗಿಂತ ಮುಂಚೆ ಈ ಕೆಲ್ಸಕ್ಕಿದ್ದೋರು ಇಂಥದ್ದಕ್ಕೆ ಎಷ್ಟು ದಿನ ತಗೋತಿದ್ರು ಸಾರ್?"

ಮ್ಯಾನೇಜರ್ ನಕ್ಕುಬಿಟ್ಟರು. "ಇಬ್ಬರಿಗೂ ಒಂದೊಂದು ವರ್ಷ," ಎಂದರು. ಗೆದ್ದೆವು!

ಹೊರಗೆ ಬಂದು ಮನೆಗೆ ಫೋನ್ ಮಾಡಿದೆ. "ಏನಾಯ್ತು ರೀ?" ಎಂಬ ಹೆಂಡತಿಯ ದನಿ ಕೇಳಿಸಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಫೋನ್ ಕಿತ್ತುಕೊಂಡಳು.

"ನಿನ್ ಗಂಡ ಇವತ್ತು ಇಡೀ ಪರೀಕ್ಷೆ ಉಳಿಸ್ಬುಟ್ಟ ಕಣಮ್ಮ! ನಾನ್ ಸುಮ್ನೆ ಪಕ್ಕದಲ್ಲಿ ನಿಂತಿದ್ದೆ ಅಷ್ಟೇ."

ಅವಳ ಸೀರೆಯ ಮೇಲೆ, ಮಂಡಿಯ ಹತ್ತಿರ, ಬೆಂಚಿನಡಿಯ ಧೂಳು ಎರಡು ಕಡೆ ದುಂಡಗೆ ಅಂಟಿಕೊಂಡಿತ್ತು.