ನನ್ನ ಭಾಷಣ, ಹೆಂಡತಿಯ ಟ್ರೇಲರು

ಬಾಯಿಬಿಟ್ಟು ಮಾತಾಡುವವನಿಗೆ ಹೊರಗಿನ ಶತ್ರು ಬೇಕಾಗಿಲ್ಲ. ಅವನಾಡಿದ ಮಾತೇ ಒಂದು ದಿನ ಬಂದು ಅವನ ಕಾಲರು ಹಿಡಿಯುತ್ತದೆ. ನನಗೆ ಇದು ವರ್ಷಕ್ಕೊಮ್ಮೆಯಾದರೂ ಆಗುತ್ತದೆ. ನಿವೃತ್ತನಾದ ವರ್ಷ ಮಾತ್ರ ಒಂದೇ ವಾರದಲ್ಲಿ ನಾಲ್ಕು ಸಲ ಆಯಿತು.

ನಾನು ಶಾಲೆಯಲ್ಲಿ ಓದಿದ್ದು ಏಳನೆಯ ಇಯತ್ತೆ. ಉಳಿದದ್ದನ್ನು ಲೈಬ್ರರಿಯಲ್ಲಿ ಕೂತು, ಮಾಲೀಕರ ಮೇಲಿನ ಸಿಟ್ಟಿನಿಂದ ಕಲಿತೆ. ಹುಬ್ಬಳ್ಳಿಯಲ್ಲಿ ಲೇಥು ತಿರುಗಿಸಿದೆ, ಆಮೇಲೆ ಡಾಲರಿನ ದೇಶಕ್ಕೆ ಬಂದು ಯೂನಿಯನ್ ಸಿಟಿ ಎಂಬ ಊರಿನ ಹತ್ತಿರದ ಕಾರ್ಖಾನೆಯಲ್ಲಿ ತಿರುಗಿಸಿದೆ. ಎರಡೂ ಕಡೆ ಮುಷ್ಕರ ಮಾಡಿಸಿದೆ.

ತಲೆ ಯಾವ ದಿಕ್ಕಿಗೆ

ನಮ್ಮ ಬೀದಿಯ ಮುದುಕನೊಬ್ಬ ತನ್ನ ಟ್ರೇಲರು ಮಾರಾಟಕ್ಕಿಟ್ಟ. ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ. ಸೋಮವಾರ ನನ್ನ ಹೆಂಡತಿ ಅದರೊಳಗೆ ಹೊಕ್ಕವಳು ಹೊರಗೆ ಬರಲೇ ಇಲ್ಲ.

"ಒಲಿ ಐತಿ ನೋಡ್ರಿ! ಎಲ್ಲಿ ಹೋದ್ರೂ ರೊಟ್ಟಿ ಬಡೀಬಹುದು."

ಹೊರಗಿನ ಊಟ ಅವಳಿಗೆ ಒಗ್ಗುವುದಿಲ್ಲ. ಅದಕ್ಕೇ ನಾವು ಎಲ್ಲಿಗೂ ಹೋದವರಲ್ಲ. ಹಾಗೆಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ನಿಜವೆಂದರೆ ಪ್ರತಿ ರಜೆಯಲ್ಲೂ ನನಗೆ ಸಭೆ ಇರುತ್ತಿತ್ತು.

ಮುದುಕ ಹಿಂಬದಿಗೆ ಕರೆದು ದಪ್ಪ ಕೊಳವೆಯೊಂದನ್ನು ತೋರಿಸಿದ. ಒಳಗಿನ ಕಕ್ಕಸಿನದೆಲ್ಲ ಕೆಳಗಿನ ಟ್ಯಾಂಕಿನಲ್ಲಿ ತುಂಬುತ್ತದೆ, ಆಗಾಗ ನಾವೇ ಖಾಲಿ ಮಾಡಬೇಕು ಎಂದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಈ ಟ್ರೇಲರು ಬೇಡವೇ ಬೇಡ ಎಂದು ಅಲ್ಲೇ ತೀರ್ಮಾನಿಸಿದೆ. ಕಾರಣವನ್ನು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಹೆಂಡತಿ ಕೇಳಿದಳು: "ಮಲಗಿದ್ರ ತಲಿ ಯಾವ ದಿಕ್ಕಿಗೆ ಬರತೈತಿ? ಉತ್ತರಕ್ಕ ಬರಬಾರದು."

ನೆಪ ಸಿಕ್ಕಿತು. ಮೂಢನಂಬಿಕೆಯ ಮೇಲೆ ಬೀದಿಗೆಲ್ಲ ಕೇಳುವಂತೆ ಹತ್ತು ನಿಮಿಷ ಕೂಗಾಡಿದೆ. ಕನ್ನಡ ಬಾರದ ಮುದುಕನಿಗೆ ಅವಳು ಕೈಸನ್ನೆಯಲ್ಲೇ ಕೇಳಿದಳು. ಅವನು ನಕ್ಕು, "ನಿಮಗೆ ಬೇಕಾದ ಕಡೆಗೆ ತಿರುಗಿಸಿ ನಿಲ್ಲಿಸಿ" ಎಂದ.

ಅವಳು ನನ್ನತ್ತ ನೋಡಿದಳು. "ನೋಡ್ರಿ, ಮನೀನ ತಿರುಗಿಸಬಹುದಂತ. ನಿಮ್ಮನ್ನ ತಿರುಗಿಸೋದ ಆಗವಲ್ದು."

ಮುಷ್ಕರ

ಭಾನುವಾರ ಸಂಜೆಯೊಳಗೆ ಹೇಳದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ ಮುದುಕ. ಮಂಗಳವಾರ ಊಟದ ಮೇಜಿನಲ್ಲಿ ಕ್ರಮಬದ್ಧವಾಗಿ ಸಭೆ ಕರೆದೆ. ಪೆಟ್ರೋಲು ಕಂಪನಿಗಳ ಲೂಟಿಯ ಬಗ್ಗೆ ಮಾತಾಡಿದೆ. ಟ್ಯಾಂಕಿನ ಮಾತೆತ್ತಲಿಲ್ಲ.

ಅವಳು ಚಿಕ್ಕದಾಗಿ ಹೇಳಿದಳು: "ಇಪ್ಪತ್ತು ವರ್ಷಾತು ಈ ದೇಶಕ್ಕ ಬಂದು. ನಿಮ್ಮ ಸಭಾದವರಿಗೆ ಚಾ ಕಾಸಿದ್ದ ಬಂತು. ಈ ಮೊಣಕಾಲು ಇನ್ನ ಒಂದೆರಡು ವರ್ಷ ನಡೀತಾವ. ಆಮ್ಯಾಲ ಕರಕೊಂಡು ಹೋಗಿ ಏನು ತೋರಸ್ತೀರಿ? ಖಿಡಕಿ?"

ಉತ್ತರವಿಲ್ಲದಾಗ ನಾನು ಮತಕ್ಕೆ ಹಾಕುತ್ತೇನೆ. ಅವಳದೊಂದು, ನನ್ನದೊಂದು. ಸಮ ಬಂದರೆ ಅಧ್ಯಕ್ಷನ ಮತವೇ ಅಂತಿಮ ಎಂದು ನಾನು ಇನ್ನೊಂದು ಮತ ಹಾಕಿದೆ.

"ನಿಮ್ಮನ್ನ ಅಧ್ಯಕ್ಷ ಮಾಡಿದವರು ಯಾರು?" ಎಂದು ಎದ್ದಳು. ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಳು. "ಮುಷ್ಕರ" ಎಂದಳು.

ಆ ದಿನ ಬ್ರೆಡ್ಡು. ಮರುದಿನವೂ ಬ್ರೆಡ್ಡು. ಬರ್ಕ್ಲಿಯಲ್ಲಿ ಓದುತ್ತಿದ್ದ ಮಗಳಿಗೆ ಫೋನು ಮಾಡಿ ದೂರಿದೆ. "ಡ್ಯಾಡ್, ನೆಗೋಶಿಯೇಟ್" ಎಂದು ಇಟ್ಟುಬಿಟ್ಟಳು. ಗುರುವಾರ ಬೆಳಿಗ್ಗೆ ಚಹಾ ಇಲ್ಲದೆ ತಲೆ ಸಿಡಿಯುತ್ತಿತ್ತು. ಮೆಲ್ಲನೆ ಕುರ್ಚಿ ದಾಟಲು ಕಾಲೆತ್ತಿದೆ.

"ದಾಟ್ರಿ" ಎಂದಳು ಶಾಂತವಾಗಿ. "ಮುಷ್ಕರ ಇದ್ದಾಗ ಗೇಟು ದಾಟಿ ಒಳಗ ಹೋದವರಿಗೆ ನೀವು ಏನಂತ ಬೈತಿದ್ರಿ, ಅದು ನನಗ ಬಾಯಿಪಾಠ ಐತಿ."

ಎತ್ತಿದ ಕಾಲನ್ನು ಎತ್ತಿದಲ್ಲಿಂದಲೇ ವಾಪಸು ತಂದೆ. ಮಧ್ಯಾಹ್ನ ರಾಜಿ ಆಯಿತು: ಮುದುಕನನ್ನು ಕೇಳಿ ಎರಡು ದಿನದ ಮಟ್ಟಿಗೆ ಟ್ರೇಲರು ಒಯ್ದು ನೋಡುವುದು, ಆಮೇಲೆ ತೀರ್ಮಾನ. ಮುದುಕ ಒಪ್ಪಿದ. ಟ್ಯಾಂಕು ಖಾಲಿ ಮಾಡಿ ತರಬೇಕು ಎಂಬುದೊಂದೇ ಅವನ ಷರತ್ತು.

ಹಿಂದಕ್ಕೆ

ಶುಕ್ರವಾರ ನನ್ನ ಹಳೆಯ ಪಿಕಪ್ಪಿಗೆ ಅದನ್ನು ಕಟ್ಟಿಕೊಂಡು ಮಾರ್ಗನ್ ಹಿಲ್ ಆಚೆ, ಇಂಥ ಟ್ರೇಲರುಗಳು ತಂಗುವ ಕ್ಯಾಂಪಿಗೆ ಹೊರಟೆವು. ಫ್ರೀವೇಯಲ್ಲಿ ಲಾರಿ ಪಕ್ಕಕ್ಕೆ ಬಂದಾಗಲೆಲ್ಲ ಟ್ರೇಲರು ಬಾಲ ಆಡಿಸುತ್ತಿತ್ತು.

ಕ್ಯಾಂಪಿನಲ್ಲಿ ಅದನ್ನು ಹಿಂದಕ್ಕೆ ತಳ್ಳಿ ನಿಲ್ಲಿಸಬೇಕಿತ್ತು. ಟ್ರೇಲರು ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಬೇಕು. ಹೆಂಡತಿ ಹೊರಗೆ ನಿಂತು "ಎಡಕ್ಕ! ಬಲಕ್ಕ! ಅಯ್ಯ, ಗಿಡ ಐತಿ!" ಎಂದು ಕೂಗುತ್ತಿದ್ದಳು. ಸುತ್ತಲಿನವರು ನಮ್ಮ ಕಡೆಗೆ ಕುರ್ಚಿ ತಿರುಗಿಸಿಕೊಂಡರು. ಒಂದು ಗಂಟೆ ಕಳೆಯಿತು. ಅಂಗಿ ಒದ್ದೆಯಾಯಿತು.

ಕೊನೆಗೆ ಬಿಳಿ ಕೂದಲಿನವನೊಬ್ಬ ಎದ್ದು ಬಂದ. "ನಾನು ಹೇಳಿದಷ್ಟು ಮಾತ್ರ ಮಾಡು" ಎಂದ. ಮಾಡಿದೆ. ನಾಲ್ಕು ನಿಮಿಷದಲ್ಲಿ ಗಾಡಿ ನೆಟ್ಟಗೆ ನಿಂತಿತು. ಕೈಕುಲುಕಿ, ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದೆ.

"ಕಾರ್ಖಾನೆಯಲ್ಲಿ ಸೂಪರ್‌ವೈಸರು."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೂವತ್ತು ವರ್ಷ ಯಾವ ಸೂಪರ್‌ವೈಸರನ ಮಾತನ್ನೂ ಕೇಳದವನು, ಪಿಂಚಣಿ ಬಂದ ಮೇಲೆ ಕೇಳಿದ್ದೆ.

ಟ್ಯಾಂಕು

ಒಲೆಗೂ ಕಕ್ಕಸಿಗೂ ಮೊಳದಷ್ಟು ದೂರ. "ಅನ್ನ ಬೇಯೋ ಜಾಗದಾಗ ನಾ ಒಲ್ಲೆ" ಎಂದು ಅವಳು ಎರಡೂ ದಿನ ಕ್ಯಾಂಪಿನ ಸಾರ್ವಜನಿಕ ಕಕ್ಕಸಿಗೇ ನಡೆದಳು. ಮೊಣಕಾಲು ಹಿಡಿದುಕೊಂಡೇ ನಡೆದಳು, ಆದರೆ ದಾರಿಯಲ್ಲಿ ಕಂಡ ಹಕ್ಕಿಗಳ ಸುದ್ದಿ ಹೊತ್ತು ನಗುತ್ತ ಬಂದಳು. ನಾನು ಆಧುನಿಕ ಮನುಷ್ಯ. ಒಳಗಿನದನ್ನೇ ಬಳಸಿದೆ.

ಭಾನುವಾರ ಮಧ್ಯಾಹ್ನ ಟ್ಯಾಂಕು ಖಾಲಿ ಮಾಡುವ ಜಾಗಕ್ಕೆ ಬಂದೆವು. ನನ್ನ ಹಿಂದೆ ಏಳು ಗಾಡಿಗಳ ಸಾಲು. ಕೊಳವೆ ಮುಟ್ಟಲು ಕೈ ಮುಂದೆ ಹೋಗಲಿಲ್ಲ. ಕ್ಯಾಂಪಿನ ಕೆಲಸದವನ ಹತ್ತಿರ ಹೋಗಿ, ಸ್ವಲ್ಪ ಮಾಡಿಕೊಡುತ್ತೀಯಾ ಎಂದು ಕೇಳಿದೆ.

ಅವನು ನನ್ನ ಕೈಗಳನ್ನು ನೋಡಿದ. "ಎರಡೂ ಚೆನ್ನಾಗಿವೆಯಲ್ಲ?" ಎಂದು ಹೊರಟುಹೋದ.

ತಿರುಗಿದರೆ ಹೆಂಡತಿ ಪಾತ್ರೆ ತೊಳೆಯುವ ಹಳದಿ ಕೈಗವಸು ಹಿಡಿದು ನಿಂತಿದ್ದಳು. ಮೆಟ್ಟಿಲ ಮೇಲೆ ಹತ್ತಿ ನಿಂತು, ಗಂಟಲು ಸರಿಪಡಿಸಿಕೊಂಡು, ಶುರುಮಾಡಿದಳು:

"ಬಂಧುಗಳೇ! ತನ್ನ ಹೊಲಸನ್ನು ತಾನು ತೊಳೆಯದೆ ಇನ್ನೊಬ್ಬರ ತಲೆಯ ಮೇಲೆ ಹೊರಿಸಿದ ದೇಶ ನಮ್ಮದು! ಯಾರು ಮಾಡಿದರೋ ಅವರೇ ತೊಳೆಯಬೇಕು!"

ನನ್ನ ಭಾಷಣ. ಅಕ್ಷರ ಬಿಡದೆ, ನಾನು ಮುಷ್ಟಿ ಎತ್ತುವ ಜಾಗದಲ್ಲೇ ಮುಷ್ಟಿ ಎತ್ತಿ. ಕನ್ನಡ ಕೂಟದವರು ಎಲೆಯ ಮುಂದೆ ಕೂತಾಗ ಇದನ್ನೇ ಮಾಡಿ, ಎಷ್ಟೋ ಜನರ ಊಟ ಕೆಡಿಸಿದ್ದೆ. ಸಾಲಿನಲ್ಲಿದ್ದವರಿಗೆ ಒಂದು ಪದವೂ ತಿಳಿಯಲಿಲ್ಲ. ಆದರೂ ಚಪ್ಪಾಳೆ ತಟ್ಟಿದರು.

ಕೈಗವಸು ಹಾಕಿಕೊಂಡೆ. ಕೊಳವೆ ಒಮ್ಮೆ ಜಾರಿತು. ಆ ಬೂಟುಗಳನ್ನು ಅಲ್ಲೇ ಬಿಟ್ಟು ಬಂದೆ. ಆದರೆ ಖಾಲಿ ಮಾಡಿದೆ, ತೊಳೆದೆ, ಮುಚ್ಚಳ ಬಿಗಿದೆ.

ಅವಳು ನನ್ನ ಬರಿಗಾಲು ನೋಡಿದಳು. "ಮೊದಲನೇ ದಿನಾನ ಹೇಸಿಗಿ ಬರತೈತಿ ಅಂದಿದ್ರ ಆಗ್ತಿರಲಿಲ್ಲೇನು?" ಎಂದಳು.

"ಆಗ್ತಿತ್ತು" ಎಂದೆ. ಸಂಜೆ ಮುದುಕನ ಬಾಗಿಲು ನಾನೇ ಬಡಿದೆ.

ಅದಾದ ಮೇಲೆ ಏಳು ರಾಜ್ಯ ಸುತ್ತಿದ್ದೇವೆ. ಮರುಭೂಮಿ ನೋಡಿದಳು, ಹಿಮ ನೋಡಿದಳು. ತಲೆ ಎಲ್ಲಿಯೂ ಉತ್ತರಕ್ಕೆ ಇಟ್ಟಿಲ್ಲ. ಟ್ರೇಲರು ಕೊಂಡ ಮೇಲಿನ ಮೊದಲ ಪ್ರಯಾಣದ ಹಿಂದಿನ ದಿನ ನಾನು ಧೈರ್ಯ ಮಾಡಿ, "ಟ್ಯಾಂಕು ಒಮ್ಮೆ ನಾನು, ಒಮ್ಮೆ ನೀನು" ಎಂದು ಠರಾವು ಮಂಡಿಸಿದ್ದೆ.

"ಯಾರು ಮಾಡ್ತಾರೋ ಅವರ ತೊಳೀಬೇಕು, ನಿಮ್ಮದ ಸಿದ್ಧಾಂತ" ಎಂದಳು. "ನಾ ಅದರಾಗ ಒಂದು ಹನೀನೂ ಹಾಕೂದಿಲ್ಲ. ಆ ಟ್ಯಾಂಕಿಗೆ ನೀವೊಬ್ಬರ ಸದಸ್ಯರು. ಇವತ್ತಿನಿಂದ ಅಧ್ಯಕ್ಷರೂ ನೀವ."