ಕಾರು ಕೂಡುವುದರೊಳಗೆ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರಗಳು ಬುಟ್ಟಿಯಿಂದ ಬಿಟ್ಟ ಕೋಳಿಗಳ ಹಾಗೆ, ಒಂದೊಂದು ಒಂದೊಂದು ಕಡೆ ಮುಖ ಮಾಡಿರುತ್ತವೆ. ನಾನು ಓದಿದ್ದು ಮರಾಠಿ ಶಾಲೆಯಲ್ಲಿ, ಅದನ್ನೂ ಹತ್ತನೆಯ ಇಯತ್ತೆಯ ಅರ್ಧಕ್ಕೆ ಬಿಟ್ಟೆ. ಕನ್ನಡ ಕಲಿಸಿದವಳು ಅವ್ವ, ಕ್ಯಾಲೆಂಡರಿನ ಹಿಂದೆ ಅಚ್ಚಾಗುವ ರಾಶಿಭವಿಷ್ಯ ಓದಿಸಿ. ಹೀಗಾಗಿ ನನ್ನ ಮಾತುಗಳಲ್ಲಿ ಅಲ್ಲಲ್ಲಿ ಶನಿಕಾಟ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಇನ್ನೊಂದು ಸಂಗತಿ: "ನಾನು" ಎಂದು ಬರೆಯಲು ನನಗೆ ನಾಚಿಕೆ. ಆದ್ದರಿಂದ ಕಥೆಯಲ್ಲಿ ನನ್ನ ಬದಲಿಗೆ ಮಾಧುರಿ ಎಂಬ ಹುಡುಗಿ ಇದ್ದಾಳೆ.

ಮಾಧುರಿಯ ಅಪ್ಪ ಈರಣ್ಣನವರಿಗೆ ಪುಣೆಯ ನಿಗಡಿಯಲ್ಲಿ ಮೆಣಸಿನಕಾಯಿ ಅಂಗಡಿ. ತಕ್ಕಡಿಯಲ್ಲಿ ನಾಲ್ಕು ಬೀಜ ಹೆಚ್ಚಿಗೆ ಹೋದರೆ ಆ ಹೊತ್ತಿನ ಊಟ ರುಚಿಸದ ಮನುಷ್ಯ. ಅಂಥವರು ೨೦೦೮ರ ದಸರೆಗೆ ಮುಂಚೆ, ಅಂಬಾರಾಯ ಎಂಬ ದಲ್ಲಾಳಿಯ ಮಾತು ಕೇಳಿ, ಒಂದು ಜರ್ಮನ್ ಕಾರನ್ನು ತಂದು ಬಾಗಿಲ ಮುಂದೆ ನಿಲ್ಲಿಸಿದರು. ಕಪ್ಪು ಬಣ್ಣ, ಈಗತಾನೆ ಮೈ ತೊಳೆಸಿಕೊಂಡ ಎಮ್ಮೆಯ ಮಿಂಚು. ಚರ್ಮದ ಸೀಟು, ಮರದ ಕುಸುರಿ, ತಾನಾಗಿಯೇ ಮುಚ್ಚಿಕೊಳ್ಳುವ ಪರದೆ. ಮುಂಬೈಯ ಯಾರೋ ಸೇಠಜೀ ಹತ್ತಿ ಇಳಿದು, ಹತ್ತಿ ಇಳಿದು, ಕೊನೆಗೆ ಬೇಸರವಾಗಿ ಬಿಟ್ಟದ್ದು. ಹೊಸ ಸಣ್ಣ ಕಾರಿನ ಬೆಲೆಗೆ ಸಿಕ್ಕಿತ್ತು. ಈರಣ್ಣನವರು ಅದಕ್ಕೆ ಐರಾವತ ಎಂದು ನಾಮಕರಣ ಮಾಡಿದರು.

"ಎಷ್ಟು ಓಡೇದರಿ ಇದು?" ಎಂದು ಅವ್ವ, ಅಂದರೆ ಗೌರಾಬಾಯಿ, ಕೈಯಲ್ಲಿ ಆರತಿ ಹಿಡಿದುಕೊಂಡೇ ಕೇಳಿದಳು.

"ಮೂರು ಲಕ್ಷ ಕಿಲೋಮೀಟರಿನ ಮ್ಯಾಲ."

"ಅಯ್ಯ ಶಿವನೇ! ಮುದುಕಿನ್ನ ತಂದು ನಿಲ್ಲಿಸೀರಲ್ರೀ!"

"ಹುಚ್ಚಿ, ಹೊಸಾ ಗಾಡಿಗೆ ಓಡೂದು ಬರ್ತದೋ ಇಲ್ಲೋ ಯಾರಿಗೆ ಗೊತ್ತು? ಇದು ಓಡಿ ತೋರಿಸೇದ. ಇನ್ನೊಂದೀಟು ಓಡಿದ್ರ ಚಂದ್ರನ್ನ ಮುಟ್ಟತಿತ್ತು, ತಿಳಕೊ."

"ಮುಟ್ಟಿಸಿ ಅಲ್ಲೇ ಬಿಟ್ಟು ಬರಬೇಕಿತ್ತು."

ಈರಣ್ಣನವರ ಈ ಸಾಹಸಕ್ಕೆ ಕಾರಣ ಹಿರಿಯ ಮಗಳು ರಂಜನಾ. ಆಕೆ ದಿನಾ ಲೋಕಲ್ ರೈಲಿನಲ್ಲಿ ಕೆಲಸಕ್ಕೆ ಹೋಗುವಾಗ ಖಡಕಿಯಿಂದ ಹತ್ತುವ ಮಾಂತು ಎಂಬ ಹುಡುಗನನ್ನು ಮೆಚ್ಚಿದ್ದಳು. (ಅವನೂ ಮೆಚ್ಚಿದ್ದ. ಇಲ್ಲದಿದ್ದರೆ ಖಾಲಿ ಡಬ್ಬಿಯಲ್ಲೂ ಅವಳೆದುರಿಗೆ ನಿಂತುಕೊಂಡೇ ಏಕೆ ಹೋಗುತ್ತಿದ್ದ?) ಎರಡೂ ಮನೆತನ ಹೊಂದಿಕೆಯಾಗಿ, ಮಾಂತುವಿನ ತಂದೆತಾಯಿ ಬಂದು ಹುಡುಗಿಯನ್ನು ನೋಡಿ ಹೋಗಿದ್ದರು. ಇನ್ನು ಉಳಿದದ್ದು ಹುಡುಗಿಯ ಕಡೆಯವರು ಹೋಗಿ ಹುಡುಗನ ಮನೆ ನೋಡುವ ಶಾಸ್ತ್ರ. ರಿಕ್ಷಾದಲ್ಲಿ ಹೋಗಿ ಇಳಿದರೆ ಹುಡುಗಿಯ ಬೆಲೆಯೂ ಮೀಟರಿನ ಪ್ರಕಾರವೇ ಆಗುತ್ತದೆ ಎಂಬುದು ಈರಣ್ಣನವರ ಸಿದ್ಧಾಂತ.

ಖಂಡೆಪೂಜೆಯ ದಿನ ಐರಾವತಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಎಲ್ಲರೂ ಒಳಗೆ ಹೋಗಿ ಉಂಡು ಹೊರಗೆ ಬಂದರು. ಕಾರು ನೆಲಕ್ಕೆ ಹೊಟ್ಟೆ ಹಚ್ಚಿ ಕೂತಿತ್ತು. ಗೌರಾಬಾಯಿ, ಪೂಜೆ ಮುಟ್ಟಿತೆಂದು ಗಲ್ಲ ಬಡಿದುಕೊಂಡಳು. ಗ್ಯಾರೇಜಿನವನಿಗೆ ಅಷ್ಟು ಭಕ್ತಿ ಇರಲಿಲ್ಲ. ಈ ಜಾತಿಯ ಕಾರು ಸ್ಪ್ರಿಂಗಿನ ಬದಲು ಗಾಳಿಯ ಚೀಲಗಳ ಮೇಲೆ ನಿಲ್ಲುತ್ತದಂತೆ, ಆ ಚೀಲಗಳಿಗೆ ವಯಸ್ಸಾಗಿದೆಯಂತೆ. ಇಂಜಿನ್ ಚಾಲೂ ಇದ್ದರೆ ಮೆಲ್ಲಗೆ ಏಳುತ್ತದೆ, ಬಂದ್ ಮಾಡಿದರೆ ತಾಸೊಪ್ಪತ್ತಿನಲ್ಲಿ ಕೂಡುತ್ತದೆ. ಹೊಸ ಚೀಲದ ಬೆಲೆಯನ್ನು ಅವನು ಈರಣ್ಣನವರ ಕಿವಿಯಲ್ಲಿ ಹೇಳಿದ. ಅವರು ಆಮೇಲೆ ಬಹಳ ಹೊತ್ತು ಆ ಕಿವಿಯನ್ನು ತಿಕ್ಕಿಕೊಳ್ಳುತ್ತಿದ್ದರು.

"ಚಿಂತಿಲ್ಲ," ಎಂದರು ಮನೆಗೆ ಬಂದು. "ಮನಿ ನೋಡಾಕ ಎಷ್ಟೊತ್ತು ಬೇಕು? ಚಹಾ ಕುಡಿಯೂದು, ಎದ್ದು ಬರೂದು. ಕಾರು ಕೂಡೂದರೊಳಗ ನಾವು ಏಳಬೇಕು, ಅಷ್ಟ! ಮಾಧೂ, ನೀ ಕಿಡಕಿ ಹತ್ತರ ಕೂಡು. ಕಾರು ಇಳೀಲಿಕ್ಕತ್ತು ಅಂದ್ರ ನೀರು ಕೇಳು. ನಾ ತಿಳಕೋತೀನಿ."

ಮಾಧುರಿ ಅಪರಿಚಿತರ ಮುಂದೆ ಬಾಯಿ ಬಿಡುವವಳಲ್ಲ. ಶಾಲೆ ಬಿಟ್ಟದ್ದೂ ಅದಕ್ಕೇ. ಎದ್ದು ನಿಂತು ಉತ್ತರ ಹೇಳು ಎಂದರೆ ಕಾಲು ನಡುಗಿ ಕೂತುಬಿಡುತ್ತಿದ್ದಳು. (ಹಾಗೆ ನೋಡಿದರೆ ಕಾರಿನ ಕಷ್ಟ ಆ ಮನೆಯಲ್ಲಿ ಅರ್ಥವಾದದ್ದು ಅವಳೊಬ್ಬಳಿಗೇ.) ಹೊರಡುವಾಗ ರಂಜನಾ ಅವಳ ರಟ್ಟೆ ಹಿಡಿದು, "ಮಾಧೂ, ಈ ಸಂಬಂಧ ಮುರೀತು ಅಂದ್ರ ನಾ ಕಾತ್ರಜ ಸ್ಟ್ಯಾಂಡಿಗೆ ಹೋಗಿ ಯಾವ ಬಸ್ಸು ಮದಲ ಬರ್ತದ ಅದನ್ನ ಹತ್ತಿ ಹೋಗ್ತೀನಿ ನೋಡು," ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಭಾನುವಾರ, ರಂಜನಾಳನ್ನು ಮನೆಯಲ್ಲಿ ಬಿಟ್ಟು, ಖಡಕಿಗೆ ಸವಾರಿ ಹೊರಟಿತು. ಡಿಕ್ಕಿ ಖಾಲಿ ಇರಬಾರದೆಂದು ಈರಣ್ಣನವರು ವಾರವೆಲ್ಲ ಅದರಲ್ಲಿ ಮೆಣಸಿನಕಾಯಿ ಚೀಲ ಹೊತ್ತಿದ್ದರಿಂದ, ಪರದೆ ಮುಚ್ಚಿದ ಆ ತಂಪು ಕೋಣೆಯಲ್ಲಿ ಮೂವರೂ ಸೀನುತ್ತ ಕೂತರು. ಫ್ಯಾಕ್ಟರಿ ಕ್ವಾರ್ಟರ್ಸಿನ ಗೇಟಿನ ಮುಂದೆ, ಗಟಾರದ ಉಬ್ಬಿದ ಕಲ್ಲಿನ ಮೇಲೆ ಕಾರು ನಿಂತಿತು. ಇಳಿದಾಗ ಮೂವರ ಕಣ್ಣಲ್ಲೂ ಧಾರೆ. ಮಾಂತುವಿನ ತಾಯಿ ಚಂದಮ್ಮ ಅದನ್ನು ನೋಡಿ, "ಮಗಳು ದೂರ ಹೋಗ್ತಾಳಂತ ಈಗಿಂದನ ಸಂಕಟ ಪಡ್ತಾರ ಪಾಪ," ಎಂದು ತನ್ನ ಕಣ್ಣನ್ನೂ ಒರೆಸಿಕೊಂಡಳು.

ಮಾಂತುವಿನ ತಂದೆ ಶಿವಪ್ರಕಾಶರು ಫ್ಯಾಕ್ಟರಿಯಲ್ಲಿ ಫೋರ್ಮನ್. ಕಾರನ್ನು ಕಂಡವರೇ ಮಗನಿಗೆ ಕಣ್ಣು ಮಾಡಿದರು. ಮಾಂತು ಅಂಗಳದ ಸ್ಕೂಟರನ್ನು ಬಚ್ಚಲ ಹಿಂದಕ್ಕೆ ತಳ್ಳಿದ. ಒಳಗೆ ಭಾರೀ ಕೆಂಪು ಸೋಫಾ. ಈರಣ್ಣನವರು ಅದರಲ್ಲಿ ಮುಳುಗಿ ಕೂತರು.

"ಗಾಡಿ ಭಾಳ ಭಾರೀ ಅದರಿ," ಎಂದರು ಶಿವಪ್ರಕಾಶರು.

"ಇದೇನು ಬಿಡ್ರಿ, ಅಂಗಡಿಗೆ ಹೋಗಿ ಬರಾಕ ಇಟ್ಟೇವಿ."

ಶಿವಪ್ರಕಾಶರ ಮುಖ ಸಣ್ಣದಾಯಿತು. "ನಮ್ಮದು ಎರಡು ಖೋಲಿ ಮನಿ ರೀ. ಅಂಥಾ ಗಾಡಿಯಾಗ ಅಡ್ಡಾಡಿದ ಹುಡುಗಿ ಇಲ್ಲೆ ಹೆಂಗ ಇದ್ದಾಳು..." ಎಂದು ಮಾತನ್ನು ಅಲ್ಲಿಗೇ ಬಿಟ್ಟರು. ಗೌರಾಬಾಯಿ ಗಂಡನ ಕಾಲನ್ನು ತುಳಿದಳು. ಅವರು ಅದನ್ನು ಪ್ರೋತ್ಸಾಹವೆಂದು ತಿಳಿದು, ಕಾರಿನಲ್ಲಿ ತಾನಾಗಿಯೇ ಮುಚ್ಚಿಕೊಳ್ಳುವ ಪರದೆಯ ವರ್ಣನೆಗೆ ಇಳಿದರು.

ಚಹಾದ ಲೆಕ್ಕ ಹಾಕಿ ಬಂದವರಿಗೆ ಹೋಳಿಗೆಯ ಊಟ ಕಾದಿತ್ತು. ಮನೆ ನೋಡಲು ಹೋದಲ್ಲಿ ಊಟ ಒಲ್ಲೆ ಎಂದರೆ ಸಂಬಂಧವನ್ನೇ ಒಲ್ಲೆ ಎಂದ ಹಾಗೆ. ಬಡಿಸಿದ್ದನ್ನು ಉಣ್ಣಬೇಕು, ಮೇಲೆ ಒತ್ತಾಯದ ಹೋಳಿಗೆಯನ್ನೂ ಉಣ್ಣಬೇಕು, ಆಮೇಲೆ ಎಲಡಿಕೆ, ಕುಂಕುಮ, ಉಡಿ ತುಂಬುವುದು. ಇದೆಲ್ಲ ಮುಗಿಯುವ ಮೊದಲು ಏಳುವವರುಂಟೆ? ಗಂಡಸರು ಉಂಡು ಮತ್ತೆ ಸೋಫಾಕ್ಕೆ ಬಂದು ಕೂತರು. ಮಾಧುರಿ ಕಿಟಕಿಯಿಂದ ನೋಡಿದಳು. ಕಾರಿನ ಹಿಂಭಾಗ ಮೆಲ್ಲಗೆ ಇಳಿಯುತ್ತಿತ್ತು.

"ನೀರು ಕೊಡ್ರಿ," ಎಂದಳು.

ಚಂದಮ್ಮ ತಂಬಿಗೆ ತಂದಳು. ಈರಣ್ಣನವರು ಮೂರು ಲಕ್ಷ ಕಿಲೋಮೀಟರನ್ನು ಮೂವತ್ತು ಸಾವಿರ ಎಂದು ಹೇಳುವುದರಲ್ಲಿ ಮಗ್ನರು. ಮಾಧುರಿ ಕುಡಿದಳು. (ಕೇಳಿದ ಮೇಲೆ ಕುಡಿಯದೆ ಬಿಡುವುದು ಸುಳ್ಳಾಗುತ್ತದಲ್ಲ.) ಮುಂಭಾಗವೂ ಇಳಿಯಿತು.

"ಇನ್ನೊಂದೀಟು ನೀರು ಕೊಡ್ರಿ."

"ಕುಡಿ ತಂಗಿ, ಕುಡಿ," ಎಂದರು ಈರಣ್ಣನವರೇ, ತಮ್ಮ ಅಪ್ಪಣೆಯನ್ನು ತಾವೇ ಮರೆತು. ಆಕೆ ಕುಡಿದಳು. ಅರ್ಧ ಗಾಲಿ ಕಾಣದಂತಾಯಿತು. ಮತ್ತೆ ಕೇಳಿದಳು. ಹೊಟ್ಟೆಯಲ್ಲಿ ಹೋಳಿಗೆ ತೇಲುತ್ತಿತ್ತು. ಚಂದಮ್ಮ ಈ ಸಲ ತಂಬಿಗೆಯನ್ನು ಕೊಡದೆ ಎದೆಗೆ ಹಿಡಿದುಕೊಂಡು ನಿಂತಳು.

"ಗೌರಾಬಾಯಿ, ತಪ್ಪು ತಿಳೀಬ್ಯಾಡ್ರಿ. ಈ ಕೂಸಿಗೆ ಸಕ್ಕರಿ ಬ್ಯಾನಿ ಅದ ಏನ್ರಿ? ಇಷ್ಟು ಸಣ್ಣ ವಯಸ್ಸಿನಾಗ ಇಷ್ಟು ನೀರಡಿಕಿ... ನಿಮ್ಮ ಮನೆತನದಾಗ ಯಾರಿಗರ ಅದ ಏನು? ಅಕ್ಕಗೂ ಹಿಂಗ ಏನ್ರಿ?"

ಮಾಂತು ಬಾಗಿಲಲ್ಲಿ ಬಿಳುಚಿಕೊಂಡ. ಮಾಧುರಿಯ ಕಣ್ಣ ಮುಂದೆ ಕಾತ್ರಜದ ಸ್ಟ್ಯಾಂಡು, ಬಸ್ಸಿನ ಕಿಟಕಿಯಲ್ಲಿ ರಂಜನಾಳ ಮುಖ. ಅವಳು ಎದ್ದು ನಿಂತಳು. ಕಾಲು ನಡುಗಿತು, ಆದರೆ ಕೂಡಲಿಲ್ಲ.

"ನನಗ ನೀರಡಿಕಿ ಇಲ್ರಿ. ಕಾರು ಕೂಡಲಿಕ್ಕತ್ತದ."

ಎಲ್ಲರೂ ಕಿಟಕಿಗೆ ಬಂದರು. ಅವರೆಲ್ಲ ಬರಲೆಂದೇ ಕಾದಿದ್ದ ಹಾಗೆ ಐರಾವತ ಉಸ್ಸೆಂದು ಗಟಾರದ ಕಲ್ಲಿನ ಮೇಲೆ ಕೂತುಬಿಟ್ಟಿತು. ಮಾಧುರಿ ಮಾತ್ರ ನಿಂತೇ ಇದ್ದಳು. ಅಂಬಾರಾಯ, ಸೇಠಜೀ, ಮೂರು ಲಕ್ಷ, ತೂತುಬಿದ್ದ ಚೀಲ, ಮೆಣಸಿನಕಾಯಿಯ ಕಣ್ಣೀರು, ನೀರು ಕೇಳುವ ಸಂಚು, ಎಲ್ಲವನ್ನೂ ಕ್ರಮವಾಗಿ ಹೇಳಿದಳು. ಈರಣ್ಣನವರು "ಸಾಕು ಮಾಧೂ, ಸಾಕು" ಎನ್ನುತ್ತಲೇ ಇದ್ದರು. ಆದರೆ ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟದ್ದಕ್ಕೆ ಅವಳು ತನ್ನ ಮನೆಯಲ್ಲಿ ಬೇಕಾದಷ್ಟು ಬೈಸಿಕೊಂಡಿದ್ದಳು. ಇದನ್ನು ಪೂರ್ತಿ ಮಾಡಿಯೇ ಕೂತಳು.

ಗೌರಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸಂಬಂಧ ಸತ್ತೇಹೋಯಿತು, ಇನ್ನು ಎತ್ತುವುದೊಂದೇ ಬಾಕಿ ಎನ್ನುವಾಗ ಬಾಗಿಲಲ್ಲಿ ಪಕ್ಕದ ಮನೆಯ ಪಂಢರಿನಾಥರು ಕಾಣಿಸಿಕೊಂಡರು, ಜೊತೆಗೊಬ್ಬ ದಾಂಡಿಗ.

"ವಹಿನಿ, ಪಾಹುಣೇ ಗೇಲೇ ಕಾ?" ಎಂದರು. ನೆಂಟರು ಹೋದರೇ ಎಂದು. ನೆಂಟರು ಎದುರಿಗೇ ಇದ್ದರು. ಪಂಢರಿನಾಥರು ಸಂಕೋಚದಿಂದ, ತಮ್ಮ ಮನೆಗೂ ಈಗ ಯಾರೋ ಬರುವವರಿದ್ದಾರೆ, ಸೋಫಾ ಬೇಕಾಗಿತ್ತು ಎಂದರು.

ಈರಣ್ಣನವರು ಎದ್ದು ನಿಂತರು. ಸೋಫಾ ಹೊರಟುಹೋಯಿತು. ಅದು ಇದ್ದ ಜಾಗದಲ್ಲಿ ಗೋಡೆಯ ಸುಣ್ಣ ಕಿತ್ತು ಬಂದದ್ದು ಕಂಡಿತು.

ಮೊದಲು ನಕ್ಕವರು ಶಿವಪ್ರಕಾಶರು. "ನೀವು ಯಾವಾಗ ಏಳತೀರೋ ಅಂತ ನಾ ತಾಸಿನಿಂದ ಬೆವರಲಿಕ್ಕತ್ತಿದ್ದೆ ರೀ ಬೀಗರ!"

"ನಾನೂ ಅದಕ್ಕ ಬೆವರಲಿಕ್ಕತ್ತಿದ್ದೆ ರೀ!"

ಆ ಕ್ಷಣದಲ್ಲಿ ಅವರು ಬೀಗರಾದರು. ಜಮಖಾನೆ ಹಾಸಿ ಎಲ್ಲರೂ ನೆಲಕ್ಕೆ ಕೂತರು. ಹೊರಗೆ ಕಾರು, ಒಳಗೆ ಜನ, ಎಲ್ಲರೂ ಒಂದೇ ಮಟ್ಟ. ಚಂದಮ್ಮ ಬೊಗಸೆ ತುಂಬ ಸಕ್ಕರೆ ತಂದು ಎಲ್ಲರಿಗೂ ಹಂಚಿದಳು, ಮಾಧುರಿಗೆ ಎರಡು ಸಲ.

ಕಾರು ಏಳಲಿಲ್ಲ. ಮೂವರೂ ಲೋಕಲ್ ಗಾಡಿಯಲ್ಲಿ ಮನೆಗೆ ಬಂದರು. ಕಾರು ಗೇಟಿಗೆ ಅಡ್ಡ ಕೂತಿದ್ದರಿಂದ ಶಿವಪ್ರಕಾಶರು ಆ ವಾರವೆಲ್ಲ ಊಟದ ಡಬ್ಬಿ ಹಿಡಿದುಕೊಂಡು ಗೋಡೆ ಹಾರಿ ಡ್ಯೂಟಿಗೆ ಹೋದರೆಂದು ರಂಜನಾ ಸುದ್ದಿ ತಂದಳು. (ಅವಳಿಗೆ ಈಗ ರೈಲಿನಲ್ಲಿ ಮಾಂತುವಿನ ಪಕ್ಕ ಕೂಡಲು ಜಾಗವೂ ಸಿಗುತ್ತಿತ್ತು, ಸುದ್ದಿಯೂ ಸಿಗುತ್ತಿತ್ತು.) ಕೊನೆಗೆ ಕ್ರೇನು ಐರಾವತವನ್ನು ಎತ್ತಿ ನಿಗಡಿಗೆ ತಂದಿತು.

"ಇನ್ನರ ಮಾರ್ರಿ ಅದನ್ನ," ಎಂದಳು ಗೌರಾಬಾಯಿ.

"ಮಾರೂದಾ? ಅದು ಕೂತದ್ದಕ್ಕ ಮದುವಿ ಕೂಡಿ ಬಂತು. ನಿಂತಿದ್ರ ಅವರು ನಮ್ಮನ್ನ ಶ್ರೀಮಂತರು ಅಂತ ತಿಳಿದು ಒಲ್ಲೆ ಅಂತಿದ್ರು. ಆ ಕಾರಿನ ಕಾಲ್ಗುಣ ಛಲೋ ಅದ!"

"ಕಾಲಽ ಇಲ್ಲಲ್ರೀ ಅದಕ್ಕ."

"ನೋಡತಿರು. ಮುಂದಿನ ವರ್ಷ ಮಾಧೂಗ ಹದಿನೆಂಟು ತುಂಬತಾವ. ಹೆಂಗೂ ಸಾಲಿ ಬಿಟ್ಟು ಮನ್ಯಾಗ ಕೂತಾಳ. ಚಂದಮ್ಮನ ತಂಗಿ ಮಗ ಒಬ್ಬ ಇದ್ದಾನಂತ. ಇದರಾಗ ಹೋಗಿ ಅವರ ಮನಿ ನೋಡಿ ಬರೂಣು."

ಮಾಧುರಿ ಅವ್ವನ ಕಡೆ ನೋಡಿದಳು. ದಸರೆಯಿಂದ ಕಾರಿನ ವಿಷಯದಲ್ಲಿ ಗಂಡನ ಒಂದು ಮಾತನ್ನೂ ಒಪ್ಪದಿದ್ದ ಗೌರಾಬಾಯಿ ಈ ಸಲ, "ಅದೊಂದು ಖರೇ ಹೇಳಿದ್ರಿ ನೋಡ್ರಿ," ಎಂದಳು. ಎದ್ದು ಹೋಗಿ ಕಾರಿಗೆ ನಿಂಬೆಹಣ್ಣು ಕಟ್ಟಿ, ದೃಷ್ಟಿ ತೆಗೆದಳು.

ಇನ್ನು ಮಾಧುರಿಯ ಹಿಂದೆ ಅಡಗಿ ಕೂಡುವುದು ಸಾಕು. ಓದುತ್ತಿರುವ ಮಗಳಿಗೆ ಅಪ್ಪ ವರ ನೋಡುವುದಿಲ್ಲ, ಅಕ್ಕನ ವಿಷಯದಲ್ಲಿ ಅದನ್ನು ಕಂಡಿದ್ದೇನೆ. ಸೋಮವಾರ ನಾನು ಶಾಲೆಗೆ ಹೋಗಿ, ಹತ್ತನೆಯ ಪರೀಕ್ಷೆಗೆ ಹೊರಗಿನಿಂದ ಕೂಡುವವರು ತುಂಬುವ ಹದಿನೇಳು ನಂಬರಿನ ಫಾರ್ಮು ತರುತ್ತೇನೆ. ಅಪ್ಪ ಕಾರಿನಲ್ಲಿ ಬಿಡುತ್ತೇನೆ ಎನ್ನುತ್ತಾರೆ. ನಾನು ನಡೆದುಕೊಂಡು ಹೋಗುತ್ತೇನೆ.